ಪ್ಲೈವುಡ್ ಡೆಕ್ ಮೇಲೆ ನೌಕಾ ತೇಜಸ್ ನಿಲ್ಲಿಸಿದ್ದು

ಆರ್‌ಸಿ ಡೆಲ್ಟಾವನ್ನು (ರಿಮೋಟಿನಲ್ಲಿ ಹಾರಿಸೋ ತ್ರಿಕೋನ ರೆಕ್ಕೆಯ ಮಾದರಿ ವಿಮಾನ) ವಿಮಾನವಾಹಕ ನೌಕೆಯಲ್ಲಿ ಮಾಡೋ ಹಾಗೆ ಮೂವತ್ತಡಿ ಡೆಕ್ ಮೇಲೆ ಅಡ್ಡ ಹಗ್ಗಕ್ಕೆ ಹುಕ್ ಹಾಕಿ ನಿಲ್ಲಿಸೋದು ಆಗದ ಮಾತು ಅಂತ ನಮ್ಮ ಫೀಲ್ಡಿನ ಹಿರಿಯರು ನಕ್ಕಿದ್ದರು. ಈಗ ಹತ್ತಕ್ಕೆ ಏಳೆಂಟು ಸಲ ನಿಲ್ಲುತ್ತೆ. ನಕ್ಕವರೇ ವಿಡಿಯೊ ಮಾಡ್ಕೊಂಡು ಹೋದರು.

ನನ್ನ ತೇಜಸ್ ಮಾದರಿಗೆ 64 ಎಂಎಂ ಇಡಿಎಫ್ (ಕೊಳವೆಯೊಳಗೆ ತಿರುಗೋ ವಿದ್ಯುತ್ ಫ್ಯಾನ್), 4ಎಸ್ (ನಾಲ್ಕು ಸೆಲ್) ಬ್ಯಾಟರಿ, ಫೋಮ್ ಬಾಡಿ. ತೂಕ 900 ಗ್ರಾಂ ಆಸುಪಾಸು. ಕಟ್ಟೋದು ನಿಮಗೆ ಗೊತ್ತಿರೋದೇ, ಬಿಡಿ. ತೊಂದರೆ ಇರೋದು ಇಳಿಸೋದರಲ್ಲಿ. ಬಾಲವಿಲ್ಲದ ಡೆಲ್ಟಾದಲ್ಲಿ ಮೂಗೆತ್ತಲು ಎಲಿವಾನ್ (ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಮೇಲೆ ಹೋದರೆ ಲಿಫ್ಟ್ (ಮೇಲೆತ್ತೋ ಬಲ) ಸೋರಿಹೋಗುತ್ತೆ, ವೇಗ ತಗ್ಗಿಸೋ ಹಾಗಿಲ್ಲ. ಅಸಲಿ ನೌಕಾ ತೇಜಸ್‌ಗೆ ರೆಕ್ಕೆಯ ಬುಡದಲ್ಲಿ, ಮುಂದಿನ ಅಂಚಿಗೆ, ಲೆವ್‌ಕಾನ್ ಅನ್ನೋ ಅಲುಗೋ ಪಟ್ಟಿ ಕೊಟ್ಟಿರೋದು ಇದಕ್ಕೇ. ನಾನೂ ಅದನ್ನೇ ಹಾಕಿದೆ: ಇನ್ನೆರಡು ಸರ್ವೊ (ಪಟ್ಟಿ ಅಲುಗಿಸೋ ಪುಟ್ಟ ಮೋಟಾರು), ಐನೂರು ರೂಪಾಯಿ ಚಿಲ್ಲರೆ ಖರ್ಚು. ಅಪ್ರೋಚ್ ವೇಗ (ಇಳಿಯಲು ಬರೋವಾಗಿನದು) ಗಂಟೆಗೆ 30 ಕಿ.ಮೀ.ಗೆ ತಗ್ಗಿತು. ಲೆವ್‌ಕಾನ್-ಎಲಿವಾನ್ ಮಿಕ್ಸ್ (ಒಂದರ ಜೊತೆ ಇನ್ನೊಂದು ಅಲುಗೋ ಪ್ರಮಾಣ) ಎಷ್ಟು ಪರ್ಸೆಂಟ್ ಅಂತ ಮಾತ್ರ ಕೇಳಬೇಡಿ.

ಡೆಕ್ ಮೇಲೆ ಫ್ಲೇರ್ (ಮುಟ್ಟೋ ಮುನ್ನ ಮೂಗೆತ್ತಿ ಮೆಲ್ಲಗಿಳಿಸೋದು) ಕೂಡದು, ಬಂದ ಕೋನದಲ್ಲೇ ಬಂದು ಕುಟ್ಟಬೇಕು. 3ಡಿ ಪ್ರಿಂಟ್ ಲ್ಯಾಂಡಿಂಗ್ ಗೇರ್ ಒಂದೊಂದೇ ಮುರಿದು ಎರಡು ಸಾವಿರ ಮಣ್ಣುಪಾಲು. ಕೊನೆಗೆ ಸುರುಳಿ ಸುತ್ತಿದ ಪಿಯಾನೊ ವೈರೇ (ಗಟ್ಟಿ ಉಕ್ಕಿನ ತಂತಿ) ಗತಿ.

ಹುಕ್ ಹಿಡಿಯೋ ಅಡ್ಡ ಹಗ್ಗಕ್ಕೆ ಮೊದಲು ಸೈಕಲ್ ಟ್ಯೂಬ್ ಕಟ್ಟಿದ್ದೆ. ಹಿಡಿಯಿತು, ಹಿಡಿದು ವಿಮಾನವನ್ನು ಹಿಂದಕ್ಕೇ ಎಸೆಯಿತು! ರಬ್ಬರು ತಗೊಂಡ ಶಕ್ತಿಯನ್ನು ವಾಪಸ್ ಕೊಡುತ್ತೆ. ಇಲ್ಲಿ ಬೇಕಾಗಿರೋದು ನುಂಗೋ ವಸ್ತು. 1911ರಲ್ಲಿ ಅಮೆರಿಕದ ಪೈಲಟ್ ಯೂಜೀನ್ ಎಲಿ ಯುಎಸ್‌ಎಸ್ ಪೆನ್ಸಿಲ್ವೇನಿಯಾ ಹಡಗಿನ ಮೇಲೆ ಇಳಿದಾಗ ಹಗ್ಗದ ಎರಡೂ ತುದಿಗೆ ಮರಳು ಚೀಲ ಕಟ್ಟಿದ್ದರು. ನಾನೂ ಕಾಲು ಕಿಲೋ ಮರಳಿನ ಚೀಲ ಕಟ್ಟಿದೆ. ಎರಡು ಹಗ್ಗ ಸಿಕ್ಕರೆ ಹತ್ತಡಿಯೊಳಗೆ ನಿಲ್ಲುತ್ತೆ.

ಹುಕ್ ಸೈಕಲ್ ಕಡ್ಡಿಯದು. ಅದು ಪ್ಲೈವುಡ್ ಮೇಲೆ ಪುಟಿದು ಹಗ್ಗ ಹಾರಿಸಿಕೊಂಡು ಹೋಗ್ತಿತ್ತು. ಬುಡಕ್ಕೆ ಏನಿಟ್ಟೆ ಅಂತ ಹೇಳಲ್ಲ, ಅಡುಗೆಮನೆಯಲ್ಲಿ ಸಿಗುತ್ತೆ. ಹಗ್ಗ ಸಿಕ್ಕೋವರೆಗೂ ಥ್ರಾಟಲ್ ಇಳಿಸಬೇಡಿ. ಹುಕ್ ತಪ್ಪಿದರೆ, ಇಡಿಎಫ್ ಮತ್ತೆ ಸುತ್ತು ಹಿಡಿಯೋ ಹೊತ್ತಿಗೆ ಡೆಕ್ಕೇ ಮುಗಿದಿರುತ್ತೆ. 2020ರ ಜನವರಿಯಲ್ಲಿ ಕಮೊಡೋರ್ ಜೈದೀಪ್ ಮಾವಳಂಕರ್ ಅಸಲಿ ನೌಕಾ ತೇಜಸನ್ನು ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ಮೇಲೆ ಇಳಿಸಿದ ವಿಡಿಯೊ ನೋಡಿ, ಹುಕ್ ಕೆಲಸ ಅರ್ಥ ಆಗುತ್ತೆ.

ನಡುವೆ 14 ಡಿಗ್ರಿ ಸ್ಕೀ-ಜಂಪ್ (ಹಾರಿಸೋಕೆ ಡೆಕ್ ತುದಿಯಲ್ಲಿ ಮೇಲಕ್ಕೆ ಬಾಗಿದ ಭಾಗ) ಕೂಡ ಮಾಡಿದೆ. ನಮ್ಮ ತೂಕಕ್ಕೆ ಬೇಕಾಗಿಲ್ಲ, ನೋಡೋಕೆ ಚೆಂದ ಅಷ್ಟೆ.

ಹಳೇ ಪ್ಲೈವುಡ್ ನಾಲ್ಕು ಶೀಟಿಗೆ ಮೂರೂವರೆ ಸಾವಿರ. ಒಟ್ಟು ಖರ್ಚು ಹದಿನೇಳು ಸಾವಿರದ ಹತ್ತಿರ, ಮನೆಯಲ್ಲಿ ಹೇಳಿರೋದು ಒಂಬತ್ತು. ಮುಂದಿನದು ನೌಕಾಪಡೆಯ ಮಿಗ್-29ಕೆ ಮಾದರಿ. ರೆಕ್ಕೆ ಮಡಚೋದಕ್ಕೆ ಗಟ್ಟಿ ಹಿಂಜ್ ಹುಡುಕ್ತಾ ಇದ್ದೀನಿ.