ಸೌದೆ ಕೊಯ್ಯಲು ಚೈನ್ ಸಾ: 58 ಸಿಸಿ ತಂದು ಕೆಟ್ಟು 45ಕ್ಕೆ ಬಂದ ಕಥೆ

ನಾನು ಮರದ ಕಂಟ್ರಾಕ್ಟರ್ ಅಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಏಳು ಎಕರೆ ಕಾಫಿ ತೋಟ ಇದೆ, ಅಷ್ಟೇ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯಿತು, ಆದರೆ ಬಚ್ಚಲ ಹಂಡೆ ಒಲೆ ಮಾತ್ರ ಇನ್ನೂ ಸೌದೆ ಕೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಸೋಲಾರ್ ನಂಬಿ ಕೂತರೆ ತಣ್ಣೀರೇ ಗತಿ. ಹಾಗಾಗಿ ಮೇ ಮುಗಿಯುವುದರೊಳಗೆ ಸೌದೆ ಕೊಟ್ಟಿಗೆ ಸೂರಿಗೆ ತಾಗುವಷ್ಟು ತುಂಬಿರಬೇಕು, ನಮ್ಮನೆಗೂ ಸೇರಿ, ಕೆಲಸಗಾರರ ಲೈನ್ ಮನೆ ಎರಡಕ್ಕೂ ಸೇರಿ.

ಮೊದಲು ಬಾಡಿಗೆ ಮಿಷನ್‌ನವರನ್ನು ಕರೆಯುತ್ತಿದ್ದೆವು. ಕಾಫಿ ಕೊಯ್ಲು ಮುಗಿದು ಮರಗಸಿ, ಅಂದರೆ ನೆರಳಿನ ಮರಗಳ ರೆಂಬೆ ಸವರುವ ಕೆಲಸ, ಶುರುವಾದರೆ ಅವರು ಯಾರ ಕೈಗೂ ಸಿಗುವುದಿಲ್ಲ. ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತ ಮಳೆ ಹನಿಯುವವರೆಗೂ ಆಟ ಆಡಿಸಿದ ಒಂದು ವರ್ಷ, ನಮ್ಮದೇ ಒಂದು ಇರಲಿ ಅಂತ ಫೋನಲ್ಲೇ ನೋಡಿ ಆರ್ಡರ್ ಮಾಡಿಬಿಟ್ಟೆ. 58 ಸಿಸಿ, 22 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ), ಏಳು ಸಾವಿರ ಚಿಲ್ಲರೆ. ಬೈಕ್ ಕೊಳ್ಳುವಾಗಿನ ಬುದ್ಧಿಯೇ ಇಲ್ಲೂ ಕೆಲಸ ಮಾಡಿತು. ಸಿಸಿ ಜಾಸ್ತಿ, ಬಾರ್ ಉದ್ದ, ಬೆಲೆ ಕಮ್ಮಿ, ಇನ್ನೇನು ಬೇಕು ಅಂತ.

ತೊಂದರೆ ಮೊದಲ ದಿನವೇ ಗೊತ್ತಾಯಿತು. ನಮ್ಮಲ್ಲಿ ಸೌದೆಗೆ ಬರುವುದು ಹೆಚ್ಚಾಗಿ ಸಿಲ್ವರ್ ಓಕ್, ದಪ್ಪ ಎಂಟರಿಂದ ಹನ್ನೆರಡು ಇಂಚು. ಆ ದಿಮ್ಮಿ ಮೇಲೆ 22 ಇಂಚಿನ ಬಾರ್ ಇಟ್ಟರೆ ಆಚೆ ಬದಿಗೆ ಇನ್ನೂ ಹತ್ತು ಇಂಚು ಚಾಚಿಕೊಂಡಿರುತ್ತದೆ. ಆ ತುದಿ ಎಲ್ಲಿ ಹೋಗುತ್ತಿದೆ ಅಂತ ಕೊಯ್ಯುವವನಿಗೆ ಕಾಣುವುದಿಲ್ಲ. ಒಂದು ಸಲ ಕಾಫಿ ಗಿಡದ ರೆಂಬೆ ಹಾರಿಸಿತು, ಇನ್ನೊಂದು ಸಲ ಮಣ್ಣಿಗೆ ನುಗ್ಗಿತು. ನಮ್ಮ ತೋಟದಲ್ಲಿ ಮರಗಸಿ ಮಾಡುವ ಅಣ್ಣ ದೂರದಲ್ಲಿ ನಿಂತು ನೋಡುತ್ತಿದ್ದವನು, "ಗೌಡ್ರೆ, ಇದು ಮರ ಕೊಯ್ಯಕ್ಕಾ, ಗದ್ದೆ ಉಳಕ್ಕಾ?" ಅಂದ.

ಮಣ್ಣಿಗೆ ತಾಗಿದ ಚೈನ್ ಅರೆ ನಿಮಿಷದಲ್ಲಿ ಮೊಂಡಾಗುತ್ತದೆ. ಮೊಂಡಾದ ಚೈನನ್ನು ಒತ್ತಿ ಒತ್ತಿ ಕೊಯ್ದರೆ ಇಂಜಿನ್ ಬಿಸಿ, ಬಾರ್ ಬಿಸಿ, ರಟ್ಟೆ ಬೇರೆ ಬಿದ್ದು ಹೋಗುತ್ತದೆ. ಪೆಟ್ರೋಲು, ಆಯಿಲ್ ತುಂಬಿಸಿದರೆ ಆ ಮಿಷನ್ ಏಳು ಕೆಜಿ ಮೇಲಿತ್ತು. ಅದನ್ನು ಹಿಡಿದು ನಮ್ಮ ಇಳಿಜಾರಿನಲ್ಲಿ ಅರ್ಧ ದಿನ ಓಡಾಡಿ ನೋಡಿ, ಆಮೇಲೆ ಸಿಸಿ ಬಗ್ಗೆ ಮಾತಾಡೋಣ.

ಇದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಬೇರೆ. ಒಂದು ದಿಮ್ಮಿ ಕೊಯ್ಯುತ್ತಿದ್ದಾಗ ಬಾರಿನ ಮೂಗಿನ ಮೇಲ್ಭಾಗ ಹಿಂದಿದ್ದ ಇನ್ನೊಂದು ದಿಮ್ಮಿಗೆ ತಾಗಿ, ಇಡೀ ಮಿಷನ್ ನನ್ನ ಮುಖದ ಕಡೆ ಚಿಮ್ಮಿತು. ಎಡಗೈ ಮುಂದಿನ ಗಾರ್ಡಿಗೆ ಬಡಿದು ಬ್ರೇಕ್ ಬಿತ್ತು, ಚೈನ್ ನಿಂತಿತು, ಬಚಾವಾದೆ. ಮೂಗಿನ ಮೇಲಿನ ಕಾಲು ಭಾಗ ಯಾವುದಕ್ಕೆ ತಾಗಿದರೂ ಮಿಷನ್ ಹೀಗೇ ಹಿಂದಕ್ಕೆ ಎಗರುತ್ತದೆ. ಬಾರ್ ಎಷ್ಟು ಉದ್ದವೋ ಮೂಗು ಕಣ್ಣಿಗೆ ಅಷ್ಟು ದೂರ. ಅವತ್ತು ನಾನು ಲುಂಗಿ ಎತ್ತಿ ಕಟ್ಟಿದ್ದೆ ಅನ್ನುವುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಆ ಮಿಷನ್ ಎರಡು ಬೇಸಿಗೆ ಬಂತು. ಕೊನೆಗೆ ಕೆಡಿಸಿದ್ದು ನಾನೇ. ಆಯಿಲ್ ಬೆರೆಸಿದ ಪೆಟ್ರೋಲ್ ಟ್ಯಾಂಕಲ್ಲೇ ಇಟ್ಟು ಮಳೆಗಾಲ ಕಳೆದೆ. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಇದೆ, ಅದು ನೀರು ಹೀರುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ನೀರಿಗೇನು ಬರವೇ? ನವೆಂಬರ್‌ನಲ್ಲಿ ಹಗ್ಗ ಎಳೆದು ಎಳೆದು ಸಾಕಾಗಿ ಬಿಚ್ಚಿಸಿದರೆ ಕಾರ್ಬೊರೇಟರ್ ಒಳಗಿನ ತೆಳು ಪೊರೆ ಒಣಗಿದ ಹಪ್ಪಳದ ಹಾಗೆ ಸೆಟೆದಿತ್ತು. ಬಿಡಿಭಾಗ ಕೇಳಿದರೆ ಮೆಕ್ಯಾನಿಕ್ ಕೈ ಆಡಿಸಿದ. "ಅಣ್ಣ, ಇದ್ರದ್ದು ನಮ್ಮಲ್ಲಿ ಬರಲ್ಲ, ತರ್ಸಿದ್ರೂ ಅದೇ ಸಿಗುತ್ತೆ ಅಂತ ಹೇಳಕ್ಕಾಗಲ್ಲ."

ಎರಡನೇ ಸಲ ಬುದ್ಧಿ ಬಂತು. ಅಂಗಡಿಗೆ ಹೋಗುವ ಮುಂಚೆ ಟೇಪ್ ಹಿಡಿದು ಸೌದೆ ಕೊಟ್ಟಿಗೆಗೆ ಹೋದೆ. ಒಟ್ಟಿದ್ದ ಸೌದೆಯ ತಲೆಗಳನ್ನೆಲ್ಲ ಒಂದೊಂದೇ ಅಳೆದೆ. ಹೆಂಡತಿ ನೋಡಿ ನಕ್ಕಳು, ನಗಲಿ. 14 ಇಂಚು ದಾಟಿದ್ದು ಬೆರಳೆಣಿಕೆಯಷ್ಟು. ಅಲ್ಲಿಗೆ 16 ಇಂಚಿನ ಬಾರ್ ಸಾಕು ಅಂತ ತೀರ್ಮಾನ ಆಯಿತು. ದಿಮ್ಮಿಯ ದಪ್ಪಕ್ಕಿಂತ ಬಾರ್ ಎರಡು ಇಂಚು ಉದ್ದ ಇದ್ದರೆ ಒಂದೇ ಬದಿಯಿಂದ ಕೊಯ್ದು ಮುಗಿಸಬಹುದು. ಯಾವಾಗಲೋ ಒಂದು ಎರಡಡಿ ದಪ್ಪದ ಅತ್ತಿ ಮರ ಗಾಳಿಗೆ ಬಿದ್ದರೆ ಎರಡೂ ಬದಿಯಿಂದ ಕೊಯ್ದರಾಯಿತು. ವರ್ಷಕ್ಕೊಂದು ಮರಕ್ಕೆ ಅಂತ ವರ್ಷವಿಡೀ ಉದ್ದ ಬಾರ್ ಹೊರುವುದು ಯಾಕೆ?

ಇನ್ನು ಸಿಸಿ. 30ರ ಆಸುಪಾಸಿನ ಚಿಕ್ಕ ಮಿಷನ್‌ಗಳಿವೆ, ಸ್ಟಿಲ್ ಎಂಎಸ್ 180 ಅಂಥದ್ದು, 31.8 ಸಿಸಿ. ರೆಂಬೆ ಸವರುವುದಕ್ಕೆ, ಕಾಫಿ ಬೊಡ್ಡೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ದಿನಕ್ಕೆ ಐದಾರು ಗಂಟೆ ಹಸಿ ಸಿಲ್ವರ್ ಓಕ್ ದಿಮ್ಮಿ ಕೊಯ್ಯಲು ಸ್ವಲ್ಪ ಬಡವಾಯಿತು. 70 ಸಿಸಿ ದಾಟಿದವು ಮರ ಉರುಳಿಸುವವರಿಗೆ, ನನಗಲ್ಲ. ನಡುವೆ 45 ಸಿಸಿಯ ಒಂದು ಗುಂಪಿದೆ. ಸ್ಟಿಲ್ ಎಂಎಸ್ 250, ಹಸ್ಕ್‌ವರ್ನಾ 445 ಎಲ್ಲ ಅದೇ ಗುಂಪು. ಬಾರ್, ಚೈನ್ ಬಿಟ್ಟು ಐದು ಕೆಜಿ ಆಸುಪಾಸು. ಹಳೇ ಮಿಷನ್ನಿನ ನಾಲ್ಕು ಪಟ್ಟು ದುಡ್ಡು ಕೊಟ್ಟು ಈ ಗುಂಪಿನದೇ ಒಂದನ್ನು ತಂದೆ. ಯಾವ ಕಂಪನಿ ಅಂತ ಆರಿಸಿದ್ದು ಒಂದೇ ಲೆಕ್ಕದಲ್ಲಿ: ನಮ್ಮ ಪೇಟೆಯಲ್ಲಿ ಯಾವುದಕ್ಕೆ ಬಿಡಿಭಾಗ ಸಿಗುತ್ತದೆ, ಯಾವುದನ್ನು ಬಿಚ್ಚಲು ಜನ ಇದ್ದಾರೆ ಅಂತ. ಕರೆಂಟಿನ ಮಿಷನ್ನೂ ನೋಡಿದ್ದೆ. ಅಂಗಳದಲ್ಲೇ ಕೂತು ಕೊಯ್ಯುವವರಿಗೆ ಅದು ಸಾಕು, ಶಬ್ದವೂ ಕಮ್ಮಿ. ನಮ್ಮಲ್ಲಿ ಸಂಜೆ ವೋಲ್ಟೇಜಿಗೆ ಮಿಕ್ಸಿಯೇ ಅಳುತ್ತದೆ, ಅದಕ್ಕೇ ಬಿಟ್ಟೆ.

ಆದರೆ ನಿಜ ಹೇಳಬೇಕೆಂದರೆ ಮಿಷನ್ ಬದಲಾಯಿಸಿದ್ದಕ್ಕಿಂತ ಅರ ಹಿಡಿಯಲು ಕಲಿತದ್ದೇ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ನೆಲಕ್ಕೆ ಬೀಳುವುದನ್ನು ನೋಡಿ. ಅಕ್ಕಿ ನುಚ್ಚಿನ ಹಾಗೆ ದಪ್ಪ ಚೂರು ಬೀಳುತ್ತಿದ್ದರೆ ಚೈನ್ ಹರಿತ ಇದೆ. ರಾಗಿ ಹಿಟ್ಟಿನ ಹಾಗೆ ಪುಡಿ ಹಾರಿದರೆ ಅಲ್ಲಿಗೇ ನಿಲ್ಲಿಸಬೇಕು. ನಾನು ಒಂದು ಟ್ಯಾಂಕ್ ಪೆಟ್ರೋಲ್ ಮುಗಿದ ಕೂಡಲೇ, ಮೊಂಡಾಗಿರಲಿ ಬಿಡಲಿ, ದಿಮ್ಮಿ ಮೇಲೆ ಕೂತು ಅರ ತೆಗೆಯುತ್ತೇನೆ. ನನ್ನದು .325 ಇಂಚು ಪಿಚ್ಚಿನ (ಕೊಂಡಿಗಳ ನಡುವಿನ ಅಂತರ) ಚೈನ್, ಅದಕ್ಕೆ 4.8 ಮಿಲಿಮೀಟರಿನ ದುಂಡು ಅರ. ಚಿಕ್ಕ ಮಿಷನ್ನಿನ ಸಣ್ಣ ಚೈನಿಗೆ 4 ಮಿಲಿಮೀಟರ್. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಹಲ್ಲು ಕೆಡುತ್ತದೆ. ಹಲ್ಲಿನ ಮೇಲೆ ಗೀಚಿರುವ ಗೆರೆಗೆ ಸಮವಾಗಿ ಅರ ಹಿಡಿದು, ಒಳಗಿಂದ ಹೊರಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ಉಜ್ಜಿದರೆ ಅರವೇ ಹಾಳು. ಎಲ್ಲ ಹಲ್ಲಿಗೂ ಲೆಕ್ಕ ಇಟ್ಟು ಮೂರು ಮೂರು ಸಲ. ಮೊದಮೊದಲು ನನ್ನ ಬಲಗೈ ಬದಿಯ ಹಲ್ಲುಗಳು ಜಾಸ್ತಿ ಸವೆದು ಕೊಯ್ತ ಒಂದೇ ಕಡೆ ವಾಲುತ್ತಿತ್ತು, ದಿಮ್ಮಿ ತಲೆ ಬಾಳೆಹಣ್ಣು ಓರೆ ಕತ್ತರಿಸಿದ ಹಾಗೆ ಕಾಣುತ್ತಿತ್ತು.

ಸೌದೆ ಕೊಯ್ಯುವಾಗ ಚೈನಿಗೆ ವೈರಿಗಳು ಬೇರೆ ಇದ್ದಾರೆ. ಕಾಫಿ ಬೊಡ್ಡೆ ಅಂಥದ್ದು. ಗಟ್ಟಿ, ನಿಧಾನ ಉರಿಯುತ್ತದೆ, ಹಂಡೆ ಒಲೆಗೆ ಅದರಷ್ಟು ಒಳ್ಳೆಯದಿಲ್ಲ, ಆದರೆ ಬೇರಲ್ಲಿ ಮಣ್ಣು ಕಚ್ಚಿರುತ್ತದೆ. ನಾನು ಬುಡದಿಂದ ಅರ್ಧ ಅಡಿ ಬಿಟ್ಟೇ ಕೊಯ್ಯುವುದು, ಉಳಿದದ್ದು ಕೊಡಲಿಗೆ. ಅಂದ ಹಾಗೆ ಕಾಂಡಕೊರಕ ಹಿಡಿದ ಅರೇಬಿಕಾ ಬೊಡ್ಡೆಯನ್ನು ಹಾಗೇ ತಂದು ಸೌದೆ ಕೊಟ್ಟಿಗೆಯಲ್ಲಿ ಒಟ್ಟಬೇಡಿ. ಹುಳು ಒಳಗೇ ಇದ್ದು ಏಪ್ರಿಲ್-ಮೇ ಹೊತ್ತಿಗೆ ದುಂಬಿಯಾಗಿ ತೋಟಕ್ಕೇ ವಾಪಸ್ ಹೋಗುತ್ತದೆ. ಕೂಡಲೇ ಸುಡಬೇಕು, ಇಲ್ಲವೇ ಒಂದು ವಾರ ಹತ್ತು ದಿನ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸಬೇಕು. ಇನ್ನೊಂದು ವೈರಿ ಮೊಳೆ. ಮೆಣಸಿನ ಬಳ್ಳಿ ಹಬ್ಬಿಸಿದ ಓಕ್ ಮರದಲ್ಲಿ, ಬೇಲಿ ಬದಿಯ ಮರದಲ್ಲಿ ಯಾವ ಕಾಲದ್ದೋ ತಂತಿ ಒಳಗೆ ಹೂತಿರುತ್ತದೆ. ಕಿಡಿ ಕಂಡಿತು ಅಂದರೆ ನಾಲ್ಕೈದು ಹಲ್ಲು ಹೋಯಿತು ಅಂತಲೇ.

ಎರಡೂ ತುದಿ ಆಧಾರದ ಮೇಲಿದ್ದು ನಡುವೆ ಕೆಳಗೆ ಆಧಾರವಿಲ್ಲದ ದಿಮ್ಮಿಯನ್ನು ಮೇಲಿಂದ ಪೂರ್ತಿ ಕೊಯ್ಯಲು ಹೋದರೆ ಬಾರ್ ಕಚ್ಚಿಕೊಳ್ಳುತ್ತದೆ. ಮೇಲಿಂದ ಸ್ವಲ್ಪ, ಆಮೇಲೆ ಕೆಳಗಿಂದ. ನನ್ನ ಜೇಬಲ್ಲಿ ಕಾಫಿ ಬೊಡ್ಡೆಯಿಂದ ಮಾಡಿದ ಎರಡು ಬೆಣೆ ಇರುತ್ತವೆ. ಕೊಯ್ತದ ಬಾಯಿಗೆ ಅದನ್ನು ಹೊಡೆದರೆ ದಿಮ್ಮಿ ಕಚ್ಚುವುದಿಲ್ಲ. ಕಬ್ಬಿಣದ ಬೆಣೆ ಬೇಡ, ಚೈನಿಗೆ ತಾಗಿದರೆ ಗತಿ ಇಲ್ಲ.

ಪೆಟ್ರೋಲಿಗೆ ಒಳ್ಳೆ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಎಂಎಲ್. ನನ್ನ ಹಳೇ ಮಿಷನ್ನಿಗೆ 40 ಹಾಕು ಅಂತ ಬರೆದಿತ್ತು. ಪುಸ್ತಕ ಏನು ಹೇಳುತ್ತದೋ ಅದು. ಬಾರಿಗೆ ಹಾಕುವ ಆಯಿಲ್ ಬೇರೆ. ಅದಕ್ಕೆ ಜೀಪಿನ ಸುಟ್ಟ ಆಯಿಲ್ ಸುರಿಯುವವರು ನಮ್ಮಲ್ಲಿ ಮನೆಗೊಬ್ಬರು, ನಾನೂ ಸುರಿದಿದ್ದೆ. ಅದರಲ್ಲಿರುವ ಕಬ್ಬಿಣದ ಪುಡಿಗೆ ಆಯಿಲ್ ಪಂಪ್ ಕಟ್ಟಿಕೊಂಡು ಬಾರ್ ಒಣಗಿ ನೀಲಿ ತಿರುಗಿದ ಮೇಲೆ ಬಿಟ್ಟೆ. ಮೇ ಕೊನೆಗೆ ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಮಿಷನ್ ತಾನೇ ಆರುವವರೆಗೆ ಓಡಿಸಿ, ಚೈನ್ ಸಡಿಲಿಸಿ ಅಟ್ಟಕ್ಕೆ ಏರಿಸುತ್ತೇನೆ.

ಯಾವ ಮರ ಅನ್ನುವುದೂ ನೆನಪಿರಲಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ. ಬೀಟೆ, ತೇಗ ಎಲ್ಲ ಹಾಗಲ್ಲ, ಬಿದ್ದ ಮರವಾದರೂ ರೇಂಜ್ ಆಫೀಸಲ್ಲಿ ಕೇಳಿಯೇ ಮಿಷನ್ ಇಡುವುದು ಒಳ್ಳೆಯದು.

ಕೊನೆಗೆ ಹೊಸ ಚೈನ್ ತರುವ ವಿಷಯ. "16 ಇಂಚಿಂದು ಕೊಡಿ" ಅಂತ ಕೇಳಿ ತಂದಿದ್ದೆ, ಮನೆಗೆ ಬಂದು ಹಾಕಿದರೆ ಜೋಲಿ ಬಿದ್ದಿತು, ಎಷ್ಟು ಬಿಗಿದರೂ ಜೋಲಿಯೇ. 16 ಇಂಚಿನ ಬಾರ್ ಆದರೂ ಒಂದಕ್ಕೆ 62 ಕೊಂಡಿ, ಇನ್ನೊಂದಕ್ಕೆ 66 ಇರುತ್ತದೆ. ಬಾರಿನ ಕಾಲುವೆಯೊಳಗೆ ಓಡುವ ಕೊಂಡಿಗಳನ್ನು ಎಣಿಸಿ ಹೇಳಬೇಕು, ಜೊತೆಗೆ ಪಿಚ್ ಮತ್ತು ಗೇಜ್ (ಆ ಕೊಂಡಿಯ ದಪ್ಪ). ಮೂರನ್ನೂ ಸೌದೆ ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ದಪ್ಪಕ್ಕೆ ಬರೆದಿಟ್ಟಿದ್ದೆ. ದೀಪಾವಳಿಗೆ ಸುಣ್ಣ ಬಳಿದವರು ಅದನ್ನೂ ಸೇರಿಸಿ ಬಳಿದುಬಿಟ್ಟರು. ಮತ್ತೆ ಅಟ್ಟ ಹತ್ತಿ, ಮಿಷನ್ ಇಳಿಸಿ, ಕೊಂಡಿ ಎಣಿಸಿ, ಈ ಸಲ ಫೋನಲ್ಲಿ ಫೋಟೋ ತೆಗೆದಿಟ್ಟಿದ್ದೇನೆ.