ಚಾನೆಲ್ ಹೋದರೂ ದಾರಿ ಉಳಿಯಬೇಕು

ಕಾಗ್ನಿಟಿವ್ ರೇಡಿಯೊ ಅಂದರೆ ಖಾಲಿ ಇರುವ ಚಾನೆಲ್ ತಾನೇ ಹುಡುಕಿ ಬಳಸುವ ರೇಡಿಯೊ. ಸೇನೆಯ ಇಂಥ ರೇಡಿಯೊಗಳ ಜಾಲಕ್ಕೆ ರೂಟಿಂಗ್ (ಡೇಟಾ ಯಾವ ದಾರಿಯಲ್ಲಿ ಹೋಗಬೇಕು ಅನ್ನುವ ನಿರ್ಧಾರ) ಹೊಂದಿಸುವ ಕೆಲಸವನ್ನು ನಾನು ಎನ್‌ಎಸ್-3 ಎಂಬ ಜಾಲ ಸಿಮ್ಯುಲೇಟರ್‌ನಲ್ಲಿ ಮಾಡಿದೆ. ಓಡಾಡುವ ವಾಹನಗಳು, 225ರಿಂದ 400 ಮೆಗಾಹರ್ಟ್ಸ್ ತರಂಗಪಟ್ಟಿ, ಜೊತೆಗೆ ಸಂಕೇತ ಕೆಡಿಸುವ ಒಂದು ಜ್ಯಾಮರ್.

ಶುರುವಿಗೆ, ಬೇಕಾದಾಗ ಮಾತ್ರ ದಾರಿ ಹುಡುಕುವ ಎಒಡಿವಿ ಎಂಬ ರೂಟಿಂಗ್ ವಿಧಾನ ಹಾಕಿ ನೋಡಿದೆ. 2003ರಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ತಾಂತ್ರಿಕ ದಾಖಲೆ) ಆಗಿ ಬಂದ ಪ್ರೋಟೊಕಾಲ್, ಒಂದೇ ಚಾನೆಲ್ ಇದ್ದರೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಕಾಗ್ನಿಟಿವ್ ರೇಡಿಯೊ ಒಂದು ಚಾನೆಲ್‌ನಲ್ಲಿ ಕೂರುವುದಿಲ್ಲ. ಚಾನೆಲ್‌ನ ಹಕ್ಕುದಾರ ಬಂದರೆ ಬಿಟ್ಟುಕೊಡಬೇಕು, ಜ್ಯಾಮಿಂಗ್ ಶುರುವಾದರೆ ಜಾಗ ಬದಲಿಸಬೇಕು. ಆ ಗಡಿಬಿಡಿಯಲ್ಲಿ, 'ನಾನಿಲ್ಲೇ ಇದ್ದೇನೆ' ಅಂತ ಪಕ್ಕದವರಿಗೆ ಹೇಳುವ ಹಲೋ ಸಂದೇಶ ತಪ್ಪುತ್ತದೆ. ಡಿಫಾಲ್ಟ್ ಪ್ರಕಾರ ಸೆಕೆಂಡಿಗೊಂದು ಹಲೋ. ಎರಡು ತಪ್ಪಿದರೆ ಪಕ್ಕದ ನೋಡ್ (ಜಾಲದ ಒಂದೊಂದು ರೇಡಿಯೊವೂ ಒಂದು ನೋಡ್) ಹೋಯಿತು ಅಂತಲೇ ಲೆಕ್ಕ. ಆಮೇಲೆ ದಾರಿ ಹುಡುಕಲು ಇಡೀ ಜಾಲದಲ್ಲಿ ಕೂಗಾಟ. ಡೇಟಾಗೆ ಜಾಗ ಎಲ್ಲಿ ಉಳಿಯುತ್ತದೆ? ಸುಮ್ನೆ ಇಷ್ಟೊಂದು ಪ್ರಸಾರ ಮಾಡಿದರೆ ನಾವೆಲ್ಲಿದ್ದೇವೆ ಅಂತ ಎದುರಾಳಿಗೆ ನಾವೇ ತಿಳಿಸಿದ ಹಾಗೆ, ಅಲ್ವಾ?

ಹಾಗಾಗಿ ಪಕ್ಕದ ನೋಡ್ ಬೇರೆ, ಚಾನೆಲ್ ಬೇರೆ ಅಂತ ವಿಂಗಡಿಸಿದೆ. ರೂಟಿಂಗ್ ಟೇಬಲ್‌ನಲ್ಲಿ ನೋಡ್ ಮಾತ್ರ ಇರುತ್ತದೆ. ಯಾವ ಚಾನೆಲ್ ಅನ್ನುವುದು ಮ್ಯಾಕ್ ಪದರದ, ಅಂದರೆ ಯಾರು ಯಾವಾಗ ಪ್ರಸಾರ ಮಾಡಬೇಕೆಂದು ನೋಡಿಕೊಳ್ಳುವ ಭಾಗದ ತಲೆನೋವು. ಪಕ್ಕಪಕ್ಕದ ನೋಡ್‌ಗಳು ಬದಲಿ ಚಾನೆಲ್‌ಗಳ ಪಟ್ಟಿಯನ್ನು ಹಲೋ ಜೊತೆಗೇ ಕಳಿಸಿ ಮೊದಲೇ ಒಪ್ಪಿಕೊಂಡಿರುತ್ತವೆ. ಚಾನೆಲ್ ಹೋದಾಗ ಮ್ಯಾಕ್ 'ಸ್ವಲ್ಪ ತಾಳು' ಅನ್ನುತ್ತದೆ, ಪ್ಯಾಕೆಟ್‌ಗಳು (ಡೇಟಾದ ತುಣುಕುಗಳು) ಸಾಲಿನಲ್ಲಿ ಕಾಯುತ್ತವೆ. ಕೊಟ್ಟ ಗಡುವಿನೊಳಗೆ ಎರಡೂ ನೋಡ್‌ಗಳು ಮತ್ತೆ ಸೇರದಿದ್ದರೆ ಮಾತ್ರ ದಾರಿ ಕಡಿಯಿತು ಅಂತ ಸಾರುವುದು. ಧ್ವನಿಯ ಪ್ಯಾಕೆಟ್‌ಗಳನ್ನು ಮಾತ್ರ ಜಾಸ್ತಿ ಹೊತ್ತು ಇಡಲಿಲ್ಲ. ತಡವಾಗಿ ಬಂದ ಮಾತು ಯಾರಿಗೆ ಬೇಕು?

ದಾರಿ ಆರಿಸಲು ಹಾಪ್ (ಒಂದು ನೋಡ್‌ನಿಂದ ಮುಂದಿನದಕ್ಕೆ ಒಂದು ಹೆಜ್ಜೆ) ಎಣಿಸುವುದನ್ನೂ ಬಿಟ್ಟೆ. ಒಂದು ಪ್ಯಾಕೆಟ್ ತಲುಪಿಸಲು ಸರಾಸರಿ ಎಷ್ಟು ಸಲ ಕಳಿಸಬೇಕು ಎಂದು ಹೇಳುವ ಇಟಿಎಕ್ಸ್ ಅಳತೆ ತೆಗೆದುಕೊಂಡೆ. ಪ್ಯಾಕೆಟ್ ತಲುಪುವ ಸಾಧ್ಯತೆ 0.8, ಉತ್ತರ ಬರುವ ಸಾಧ್ಯತೆ 0.9 ಆದರೆ ಒಂದು ಪ್ಯಾಕೆಟ್‌ಗೆ ಸರಾಸರಿ 1.39 ಸಲ ಕಳಿಸಬೇಕು. ಇದನ್ನು ಚಾನೆಲ್ ಖಾಲಿ ಸಿಗುವ ಪಾಲಿನಿಂದ ಭಾಗಿಸಿದೆ. ಅರ್ಧ ಹೊತ್ತು ಮಾತ್ರ ಖಾಲಿ ಇದ್ದರೆ 2.78. ಸದಾ ಖಾಲಿ ಸಿಗುವ, ತಲಾ 1.2ರ ಎರಡು ಹಾಪ್ ಸೇರಿದರೂ 2.4 ಅಷ್ಟೇ. ಸುತ್ತು ದಾರಿಯೇ ಗೆಲ್ಲುತ್ತದೆ. ಅಳತೆ ಚೂರು ಅಲುಗಿದ ಕೂಡಲೇ ದಾರಿ ಬದಲಾಗಬಾರದು; ಹೊಸದು ಎದ್ದು ಕಾಣುವಷ್ಟು ಉತ್ತಮವಾಗಿದ್ದರೆ ಮಾತ್ರ ಬದಲಿಸು ಎಂಬ ಷರತ್ತು ಇಟ್ಟೆ.

ಎಲ್ಲರಿಗೂ ಒಂದೇ ನಿಯಂತ್ರಣ ಚಾನೆಲ್ ಇಡುವುದು ಸುಲಭ. ಆದರೆ ಜ್ಯಾಮರ್ ಅದೊಂದನ್ನು ಹಿಡಿದರೆ ಜಾಲವೇ ಮೂಕ. ಅದಕ್ಕೆ ಗುಟ್ಟಿನ ಜಿಗಿತದ ಕ್ರಮದಲ್ಲಿ ಚಾನೆಲ್‌ನಿಂದ ಚಾನೆಲ್‌ಗೆ ಹೋಗುತ್ತಾ ನೋಡ್‌ಗಳು ಒಂದನ್ನೊಂದು ಸಂಧಿಸುವ ಹಾಗೆ ಮಾಡಿದೆ. ಹೊಸ ನೋಡ್ ಜಾಲಕ್ಕೆ ಸೇರುವುದು ಇದರಿಂದ ನಿಧಾನವಾಯಿತು. ಆ ಬೆಲೆಯನ್ನು ಒಪ್ಪಿಕೊಂಡೇ ಮುಂದೆ ಹೋದೆ.