ರಾತ್ರೋರಾತ್ರಿ ಇಳಿಯುತ್ತಿದ್ದ ವ್ಯಾನಿನ ಬ್ಯಾಟರಿ ಸರಿಹೋದದ್ದು

ವರ್ಕ್ ಆಂಡ್ ಹಾಲಿಡೇ ವೀಸಾದಲ್ಲಿ ಆಸ್ಟ್ರೇಲಿಯಾಕ್ಕೆ ಬಂದ ನಾವು ಗಂಡ-ಹೆಂಡತಿ ಬಂಡಬರ್ಗ್ ಹತ್ತಿರ ತೋಟದ ಕೆಲಸ ಮಾಡುತ್ತಾ ಹಳೇ ವ್ಯಾನಿನಲ್ಲೇ ಮಲಗುತ್ತಿದ್ದೆವು. ನಸುಕಿಗೇ ಹೊರಡಬೇಕು, ಕೀ ತಿರುಗಿಸಿದರೆ ಬರೀ ಟಿಕ್ ಟಿಕ್. ಪಕ್ಕದವರನ್ನು ಎಬ್ಬಿಸಿ, ಅವರ ಗಾಡಿಯ ಬ್ಯಾಟರಿಯಿಂದ ಕರೆಂಟ್ ಪಡೆಯಲು ಜಂಪರ್ ಕೇಬಲ್ ಕೇಳುವುದೇ ಆಯಿತು.

ನಮ್ಮವರು ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದರು: ರಾತ್ರಿ 12.6 ವೋಲ್ಟ್, ಬೆಳಿಗ್ಗೆ 11.7. ಫ್ರಿಜ್ಜಿನ ಫ್ಯೂಸ್ ಕಿತ್ತಿಟ್ಟ ರಾತ್ರಿ ಇಳಿಯಲೇ ಇಲ್ಲ. ವ್ಯಾನ್ ಮಾರಿದವರು ಫ್ರಿಜ್ಜನ್ನು ನೇರವಾಗಿ ಇಂಜಿನ್ ಶುರುಮಾಡುವ ಸ್ಟಾರ್ಟರ್ ಬ್ಯಾಟರಿಗೇ ಜೋಡಿಸಿದ್ದರು!

ಹೊತ್ತುಗಟ್ಟಲೆ ನಿಧಾನವಾಗಿ ಕರೆಂಟ್ ಕೊಡಲೆಂದೇ ಮಾಡಿದ ಸೀಲ್ಡ್ ಡೀಪ್ ಸೈಕಲ್ ಬ್ಯಾಟರಿ ತಂದು ಫ್ರಿಜ್ಜನ್ನು ಅದಕ್ಕೆ ಹಾಕಿದೆವು. ಎರಡು ಬ್ಯಾಟರಿಗಳ ನಡುವೆ ವೋಲ್ಟೇಜ್ ನೋಡಿ ತಾನಾಗಿ ಆನ್-ಆಫ್ ಆಗುವ ಸ್ವಿಚ್, ಅಂದರೆ ರಿಲೇ: ಇಂಜಿನ್ ಓಡುವಾಗ ಎರಡೂ ಚಾರ್ಜ್ ಆಗುತ್ತವೆ, ನಿಂತಮೇಲೆ ಬೇರೆಯಾಗುತ್ತವೆ. ಎರಡೂ ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಒಂದೊಂದು ಫ್ಯೂಸ್. ಅದನ್ನು ಮಾತ್ರ ದಯವಿಟ್ಟು ಬಿಡಬೇಡಿ. ತಂತಿ ಹೋಗುವುದು ಮಲಗುವ ಹಾಸಿಗೆಯ ಕೆಳಗೇ, ಶಾರ್ಟ್ ಆದರೆ ಬೆಂಕಿ ಹತ್ತಬಹುದು.